ವಿದ್ಯುತ್ ರೈಲು, ಮ್ಯಾಗ್ಲೆವ್ ರೈಲು ಮತ್ತು ಆರೋಗ್ಯ: ಕಾಂತಕ್ಷೇತ್ರದ ಭಯ ಎಷ್ಟು ನಿಜ?

2008ರ ಜನವರಿ ತಿಂಗಳಿನಲ್ಲಿ ಚೀನಾದ ಶಾಂಘೈ ನಗರದ ಜನತಾ ಚೌಕದಲ್ಲಿ ನಾಗರಿಕರು ದೊಡ್ಡ ಸಂಖ್ಯೆಯಲ್ಲಿ ಸೇರಿದರು. ಮೆರವಣಿಗೆಗೆ ಅನುಮತಿ ಇಲ್ಲದ ಕಾರಣ ತಾವು ಸುಮ್ಮನೆ ‘ಅಡ್ಡಾಡಲು’ ಬಂದಿರುವುದಾಗಿ ಅವರು ಹೇಳಿಕೊಂಡರು. ವಿಮಾನ ನಿಲ್ದಾಣದ ಮ್ಯಾಗ್ಲೆವ್ ರೈಲು ಮಾರ್ಗವನ್ನು ತಮ್ಮ ಬಡಾವಣೆಗಳ ಮೂಲಕ ವಿಸ್ತರಿಸುವ ಯೋಜನೆಗೆ ಅವರ ವಿರೋಧವಿತ್ತು. ರೈಲಿನಿಂದ ಹೊಮ್ಮುವ ವಿದ್ಯುತ್ಕಾಂತ ಕ್ಷೇತ್ರಗಳು ಆರೋಗ್ಯ ಕೆಡಿಸುತ್ತವೆ ಎಂಬುದು ಒಂದು ಆತಂಕವಾದರೆ, ಅದೇ ಕಾರಣದಿಂದ ಮನೆ ಮಳಿಗೆಗಳ ಬೆಲೆ ಕುಸಿಯುತ್ತದೆ ಎಂಬುದು ಇನ್ನೊಂದು. ಆ ವಿಸ್ತರಣಾ ಮಾರ್ಗ ನಿರ್ಮಾಣಗೊಳ್ಳಲಿಲ್ಲ. 2010ರ ಅಕ್ಟೋಬರ್‌ನಲ್ಲಿ ಶಾಂಘೈ ಮತ್ತು ಹಾಂಗ್‌ಝೌ ನಗರಗಳ ನಡುವೆ ಆರಂಭವಾದದ್ದು ಚಕ್ರಗಳ ಮೇಲೆ ಓಡುವ ಅತಿವೇಗದ ರೈಲು. ಅದೂ ವಿದ್ಯುತ್ತಿನಿಂದಲೇ ಓಡುವಂಥದು, ಅದರ ಸುತ್ತಲೂ ಕಾಂತಕ್ಷೇತ್ರವಿರುತ್ತದೆ ಎಂಬುದು ಗಮನಾರ್ಹ.

ಈ ಪ್ರಸಂಗ ದೂರದ ದೇಶದ್ದಾದರೂ ಅದರ ಹಿಂದಿನ ಪ್ರಶ್ನೆ ನಮ್ಮ ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಹೊಸದಲ್ಲ. ಭಾರತೀಯ ರೈಲ್ವೆಯ ಬ್ರಾಡ್‌ಗೇಜ್ ಮಾರ್ಗಗಳ ಬಹುಪಾಲು ಈಗ ವಿದ್ಯುದೀಕರಣಗೊಂಡಿದೆ. ರೋಹಾದಿಂದ ತೋಕೂರಿನವರೆಗಿನ ಕೊಂಕಣ ರೈಲು ಮಾರ್ಗದ ಸಂಪೂರ್ಣ ವಿದ್ಯುದೀಕರಣವನ್ನು 2022ರ ಜೂನ್‌ನಲ್ಲಿ ರಾಷ್ಟ್ರಕ್ಕೆ ಸಮರ್ಪಿಸಲಾಯಿತು. ಬೆಂಗಳೂರಿನಲ್ಲಿ 2011ರ ಅಕ್ಟೋಬರ್ 20ರಂದು ಆರಂಭವಾದ ‘ನಮ್ಮ ಮೆಟ್ರೊ’ ಅಲ್ಲಿಂದೀಚೆಗೆ ನಗರದ ನಾನಾ ದಿಕ್ಕುಗಳಿಗೆ ಹಬ್ಬಿದೆ. ಹಳಿಯ ಪಕ್ಕದಲ್ಲಿ ಗೋದಾಮು, ವರ್ಕ್‌ಶಾಪ್, ಅಂಗಡಿ ಅಥವಾ ಮನೆ ಹೊಂದಿರುವವರ ಸಂಖ್ಯೆ ದೊಡ್ಡದು. ಅಂಥ ಜಾಗದಲ್ಲಿ ಕೆಲಸ ಮಾಡುವವರ ಆರೋಗ್ಯಕ್ಕೆ ತೊಂದರೆಯಿದೆಯೇ, ಜಾಗ ಕೊಳ್ಳುವ ಮುನ್ನ ಯಾವುದನ್ನು ನೋಡಬೇಕು, ಯಾವುದನ್ನು ಬಿಡಬಹುದು ಎಂಬ ಪ್ರಶ್ನೆಗಳಿಗೆ ಈವರೆಗಿನ ವಿಜ್ಞಾನ ನೀಡುವ ಉತ್ತರವನ್ನು ಈ ಲೇಖನ ವಿವರಿಸುತ್ತದೆ.

ಎರಡು ಬಗೆಯ ಕ್ಷೇತ್ರಗಳು

ವಿದ್ಯುತ್ ಉಪಕರಣವೊಂದರ ಸುತ್ತ ಎರಡು ಕ್ಷೇತ್ರಗಳಿರುತ್ತವೆ. ವೋಲ್ಟೇಜಿನಿಂದ ಉಂಟಾಗುವುದು ವಿದ್ಯುತ್ ಕ್ಷೇತ್ರ. ತಂತಿಯಲ್ಲಿ ಹರಿಯುವ ಕರೆಂಟಿನಿಂದ ಉಂಟಾಗುವುದು ಕಾಂತಕ್ಷೇತ್ರ. ವಿದ್ಯುತ್ ಕ್ಷೇತ್ರವನ್ನು ಗೋಡೆ, ಛಾವಣಿ, ಮರಗಿಡಗಳು ಬಹುಮಟ್ಟಿಗೆ ತಡೆಯುತ್ತವೆ. ಕಾಂತಕ್ಷೇತ್ರ ಮಾತ್ರ ಇಟ್ಟಿಗೆ, ಕಾಂಕ್ರೀಟುಗಳನ್ನು ಸಲೀಸಾಗಿ ದಾಟುತ್ತದೆ. ಆರೋಗ್ಯದ ಚರ್ಚೆ ಮುಖ್ಯವಾಗಿ ಕಾಂತಕ್ಷೇತ್ರವನ್ನು ಕುರಿತೇ ನಡೆದಿರುವುದಕ್ಕೆ ಇದು ಒಂದು ಕಾರಣ.

ಕಾಂತಕ್ಷೇತ್ರದ ಅಳತೆಯ ಮಾನ ಟೆಸ್ಲಾ. ಅದರ ಹತ್ತು ಲಕ್ಷದಲ್ಲೊಂದು ಭಾಗ ಮೈಕ್ರೋಟೆಸ್ಲಾ, ಸಾವಿರದಲ್ಲೊಂದು ಭಾಗ ಮಿಲಿಟೆಸ್ಲಾ. ಭೂಮಿಯೇ ಒಂದು ದೊಡ್ಡ ಅಯಸ್ಕಾಂತವಾಗಿದ್ದು, ಕರ್ನಾಟಕದಲ್ಲಿ ಅದರ ಸಹಜ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾದಷ್ಟಿದೆ. ಇದು ದಿಕ್ಕು ಬದಲಿಸದ ಸ್ಥಿರ ಕ್ಷೇತ್ರ. ಮನೆ ಕಾರ್ಖಾನೆಗಳ ಎ.ಸಿ. ವಿದ್ಯುತ್ತಿನಿಂದ ಬರುವ ಕ್ಷೇತ್ರವು ಸೆಕೆಂಡಿಗೆ 50 ಆವರ್ತನ, ಅಂದರೆ 50 ಹರ್ಟ್ಸ್ ವೇಗದಲ್ಲಿ ಹಿಂದುಮುಂದಾಗುತ್ತಿರುತ್ತದೆ. ಸ್ಥಿರ ಕ್ಷೇತ್ರಕ್ಕೂ ಬದಲಾಗುವ ಕ್ಷೇತ್ರಕ್ಕೂ ದೇಹದ ಮೇಲಿನ ಪರಿಣಾಮದಲ್ಲಿ ವ್ಯತ್ಯಾಸವಿದೆ. ಆದುದರಿಂದ ‘ಇಷ್ಟು ಮೈಕ್ರೋಟೆಸ್ಲಾ’ ಎಂಬ ಅಂಕಿಯೊಡನೆ ‘ಯಾವ ಆವರ್ತನದಲ್ಲಿ’ ಎಂಬುದನ್ನೂ ಕೇಳಬೇಕಾಗುತ್ತದೆ.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ನಿವಾರಿಸಿಕೊಳ್ಳುವುದು ಒಳಿತು. ಎಕ್ಸ್-ರೇ ಕಿರಣಗಳಿಗೆ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು, ಜೀವಕೋಶದ ವಂಶವಾಹಿಗೆ ನೇರ ಹಾನಿ ಮಾಡುವ ಶಕ್ತಿಯಿದೆ. ರೈಲಿನ ವಿದ್ಯುತ್ಕಾಂತ ಕ್ಷೇತ್ರಗಳಿಗೆ ಆ ಶಕ್ತಿಯಿಲ್ಲ. ಮೊಬೈಲ್ ಗೋಪುರಗಳ ರೇಡಿಯೊ ತರಂಗಗಳೂ ಬೇರೆಯೇ. ಅವುಗಳ ಆವರ್ತನ ಕೋಟಿಗಟ್ಟಲೆ ಹರ್ಟ್ಸ್‌ಗಳಷ್ಟು. ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ ಮೊಬೈಲ್ ಗೋಪುರಗಳಿಗೆ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದರಷ್ಟು ಮಿತಿ ಜಾರಿಗೆ ಬಂದಿತು. ಆ ನಿಯಮವನ್ನು ರೈಲ್ವೆ ತಂತಿಗೆ ಅನ್ವಯಿಸಿ ಮಾತನಾಡುವುದು ಸರಿಯಾಗದು.

ಹಳಿಯ ಪಕ್ಕದಲ್ಲಿ ಎಷ್ಟು?

ನಮ್ಮ ಮುಖ್ಯ ರೈಲು ಮಾರ್ಗಗಳಲ್ಲಿ 25,000 ವೋಲ್ಟಿನ, 50 ಹರ್ಟ್ಸ್‌ನ ಎ.ಸಿ. ವಿದ್ಯುತ್ತನ್ನು ಮೇಲಿನ ತಂತಿಯ ಮೂಲಕ ಪೂರೈಸಲಾಗುತ್ತದೆ. ತಂತಿ ಸಾಮಾನ್ಯವಾಗಿ ಹಳಿಯಿಂದ ಸುಮಾರು ಐದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಎಂಜಿನ್ನು ಎಳೆದುಕೊಂಡ ಕರೆಂಟು ಹಳಿಯ ಮೂಲಕ ಮರಳುತ್ತದೆ. ಹೋಗುವ ಕರೆಂಟು ಮತ್ತು ಮರಳುವ ಕರೆಂಟು ವಿರುದ್ಧ ದಿಕ್ಕಿನಲ್ಲಿರುವುದರಿಂದ ಅವೆರಡರ ಕ್ಷೇತ್ರಗಳು ದೂರ ಹೋದಂತೆ ಒಂದನ್ನೊಂದು ಬಹುಮಟ್ಟಿಗೆ ಅಳಿಸಿಹಾಕುತ್ತವೆ.

ಒಂದು ಲೆಕ್ಕವನ್ನು ಗಮನಿಸಬಹುದು. ಎಂಜಿನ್ನೊಂದು ಪೂರ್ಣ ಬಲದಲ್ಲಿ 250 ಆಂಪಿಯರ್ ಕರೆಂಟು ಎಳೆಯುತ್ತಿದೆ ಎಂದುಕೊಳ್ಳೋಣ. ಅದೆಲ್ಲವೂ ಹಳಿಯ ಮೂಲಕವೇ ಮರಳಿದರೆ, ಹಳಿಯಿಂದ 10 ಮೀಟರ್ ದೂರದಲ್ಲಿ ಕ್ಷೇತ್ರ ಸುಮಾರು ಎರಡೂವರೆ ಮೈಕ್ರೋಟೆಸ್ಲಾ, 20 ಮೀಟರ್ ದೂರದಲ್ಲಿ ಸುಮಾರು 0.7, ಹಾಗೂ 50 ಮೀಟರ್ ದೂರದಲ್ಲಿ ಸುಮಾರು 0.1 ಮೈಕ್ರೋಟೆಸ್ಲಾ ಆಗುತ್ತದೆ. ವಾಸ್ತವದಲ್ಲಿ ಕರೆಂಟಿನ ಒಂದಂಶ ನೆಲದ ಮೂಲಕ ಮರಳುವುದರಿಂದ ಈ ಅಂಕಿಗಳು ಕೆಲವು ಪಟ್ಟು ಹೆಚ್ಚಬಹುದು. ಭಾರವಾದ ಗೂಡ್ಸ್ ರೈಲಿಗೆ ಎರಡು ಎಂಜಿನ್ನುಗಳಿದ್ದರೂ ಹೆಚ್ಚಬಹುದು. ಆದರೆ ಎರಡು ಸಂಗತಿ ಬದಲಾಗುವುದಿಲ್ಲ. ದೂರ ಹೆಚ್ಚಿದಂತೆ ಕ್ಷೇತ್ರ ಇಳಿಯುತ್ತದೆ. ಮತ್ತು ಆ ಭಾಗದಲ್ಲಿ ರೈಲು ಕರೆಂಟು ಎಳೆಯುತ್ತಿರುವ ಹೊತ್ತಿನಲ್ಲಷ್ಟೇ ಅದು ಗಣನೀಯವಾಗಿರುತ್ತದೆ.

ನಮ್ಮ ಮೆಟ್ರೊದ ವ್ಯವಸ್ಥೆ ಬೇರೆ. ಇಲ್ಲಿ ಹಳಿಯ ಪಕ್ಕದ ‘ಮೂರನೇ ಹಳಿ’ಯಿಂದ 750 ವೋಲ್ಟಿನ ಡಿ.ಸಿ. ವಿದ್ಯುತ್ ಪೂರೈಕೆಯಾಗುತ್ತದೆ. ವೋಲ್ಟೇಜು ಕಡಿಮೆಯಾದಾಗ ಅಷ್ಟೇ ಶಕ್ತಿಗೆ ಹೆಚ್ಚು ಕರೆಂಟು ಬೇಕು. 25,000 ವೋಲ್ಟಿಗೆ ಹೋಲಿಸಿದರೆ 750 ವೋಲ್ಟಿನಲ್ಲಿ ಅದು ಸುಮಾರು 33 ಪಟ್ಟು. ಆದರೆ ಹೋಗುವ ಮತ್ತು ಮರಳುವ ದಾರಿಗಳು ಒಂದಕ್ಕೊಂದು ತೀರ ಹತ್ತಿರವಿರುವುದರಿಂದ ಕ್ಷೇತ್ರ ಬೇಗನೆ ಇಳಿಯುತ್ತದೆ. ಅದು ಮುಖ್ಯವಾಗಿ ಸ್ಥಿರ ಕ್ಷೇತ್ರವಾಗಿದ್ದು, ರೈಲು ವೇಗ ಹೆಚ್ಚಿಸುವಾಗ ಹಾಗೂ ಬ್ರೇಕ್ ಹಾಕುವಾಗ ಏರಿಳಿಯುತ್ತದೆ.

ಡಬ್ಬಿಯೊಳಗೆ ಎಷ್ಟು?

ವಿದ್ಯುತ್ ರೈಲಿನ ಪ್ರಯಾಣಿಕರ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನೀಡಿರುವ ಮಾಹಿತಿ ಸ್ಪಷ್ಟವಾಗಿದೆ. ದೂರ ಪ್ರಯಾಣದ ರೈಲುಗಳ ಡಬ್ಬಿಗಳಲ್ಲಿ ನೆಲದ ಸಮೀಪ ಕಾಂತಕ್ಷೇತ್ರ ಕೆಲವು ನೂರು ಮೈಕ್ರೋಟೆಸ್ಲಾದವರೆಗೂ ಇರಬಹುದು. ಡಬ್ಬಿಯ ಉಳಿದ ಕಡೆ ಅದು ಕೆಲವು ಹತ್ತುಗಳಿಗೆ ಇಳಿಯುತ್ತದೆ. ಡಬ್ಬಿಯ ಅಡಿಯಲ್ಲಿಯೇ ಮೋಟಾರುಗಳಿರುವ ರೈಲು ಹಾಗೂ ಟ್ರಾಮ್‌ಗಳಲ್ಲಿ ಮೋಟಾರಿನ ನೇರ ಮೇಲ್ಭಾಗದ ನೆಲದಲ್ಲಿ ಕೆಲವು ಹತ್ತು ಮೈಕ್ರೋಟೆಸ್ಲಾ ಕಂಡುಬರಬಹುದು. ಪ್ರಯಾಣಿಕರ ಎದೆ, ತಲೆಗಳ ಮಟ್ಟದಲ್ಲಿ ಅದು ಬಹಳ ಕಡಿಮೆ.

ಹೋಲಿಕೆಗಾಗಿ ಮನೆಬಳಕೆಯ ಉಪಕರಣಗಳನ್ನು ನೋಡಬಹುದು. ಅದೇ ಸಂಸ್ಥೆ ಪ್ರಕಟಿಸಿದ ಪಟ್ಟಿಯಂತೆ, ತಲೆಗೂದಲು ಒಣಗಿಸುವ ಹೇರ್ ಡ್ರೈಯರ್‌ನಿಂದ 3 ಸೆಂ.ಮೀ. ದೂರದಲ್ಲಿ 6ರಿಂದ 2,000 ಮೈಕ್ರೋಟೆಸ್ಲಾದವರೆಗೆ, ವಿದ್ಯುತ್ ಶೇವರ್‌ನಿಂದ 15ರಿಂದ 1,500ರವರೆಗೆ ಕ್ಷೇತ್ರವಿರುತ್ತದೆ. 30 ಸೆಂ.ಮೀ. ದೂರ ಹೋದೊಡನೆ ಹೇರ್ ಡ್ರೈಯರ್‌ನ ಕ್ಷೇತ್ರ 0.01ರಿಂದ 7ಕ್ಕೆ ಇಳಿಯುತ್ತದೆ. ಒಂದು ಮೊಳಕ್ಕಿಂತ ಕಡಿಮೆ ಅಂತರ ಇಷ್ಟು ವ್ಯತ್ಯಾಸ ಮಾಡುತ್ತದೆ ಎಂಬುದು ನೆನಪಿಡಬೇಕಾದ ಮಾತು.

ಮ್ಯಾಗ್ಲೆವ್ ರೈಲಿನ ವಿಶೇಷ

ಮ್ಯಾಗ್ಲೆವ್ ರೈಲು ಅಯಸ್ಕಾಂತದ ಬಲದಿಂದಲೇ ಮೇಲೆದ್ದು ಓಡುವುದರಿಂದ ಅದರಲ್ಲಿ ಕ್ಷೇತ್ರ ಭಯಾನಕವಾಗಿರಬೇಕು ಎಂಬ ಭಾವನೆ ಸಹಜ. ವಾಸ್ತವದಲ್ಲಿ ಇದು ರೈಲಿನ ವಿನ್ಯಾಸವನ್ನು ಅವಲಂಬಿಸಿದೆ. ಮ್ಯಾಗ್ಲೆವ್‌ನಲ್ಲಿ ಎರಡು ಮುಖ್ಯ ಬಗೆಗಳಿವೆ.

ಮೊದಲನೆಯದು ಜರ್ಮನಿಯ ಟ್ರಾನ್ಸ್‌ರ್ಯಾಪಿಡ್ ತಂತ್ರ. 30.5 ಕಿ.ಮೀ. ಉದ್ದದ ಶಾಂಘೈ ಮಾರ್ಗ ಈ ಬಗೆಯದು. 2004ರಲ್ಲಿ ವಾಣಿಜ್ಯ ಸಂಚಾರ ಆರಂಭಿಸಿದ ಅದು ಗಂಟೆಗೆ 431 ಕಿ.ಮೀ. ವೇಗವನ್ನು ಮುಟ್ಟಿ ಹೆಸರಾಯಿತು. ರೈಲಿನ ಕೆಳಭಾಗವು ಮಾರ್ಗದ ಅಂಚನ್ನು ಬಳಸಿ ಹಿಡಿದಿರುತ್ತದೆ. ಅಲ್ಲಿರುವ ಸಾಮಾನ್ಯ ವಿದ್ಯುದಯಸ್ಕಾಂತಗಳು ರೈಲನ್ನು ಮೇಲಕ್ಕೆ ಸೆಳೆಯುತ್ತವೆ. ಅಯಸ್ಕಾಂತಕ್ಕೂ ಮಾರ್ಗಕ್ಕೂ ನಡುವಿನ ಅಂತರ ಸುಮಾರು 1 ಸೆಂ.ಮೀ. ಮಾತ್ರ. ಅಂತರ ಇಷ್ಟು ಕಿರಿದಾಗಿರುವುದರಿಂದ ಕ್ಷೇತ್ರದ ಹೆಚ್ಚಿನ ಪಾಲು ಕಬ್ಬಿಣದ ತಿರುಳು ಮತ್ತು ಆ ಕಿರುಸಂದಿಯಲ್ಲೇ ಬಂಧಿತವಾಗಿರುತ್ತದೆ. ಜಪಾನಿನ ನಗೋಯಾ ಬಳಿ 2005ರಲ್ಲಿ ಆರಂಭವಾದ ಲಿನಿಮೊ ಹಾಗೂ ಚೀನಾದ ಚಾಂಗ್‌ಶಾ ನಗರದಲ್ಲಿ 2016ರಲ್ಲಿ ಆರಂಭವಾದ ಕಡಿಮೆ ವೇಗದ ರೈಲು ಸಹ ಹೀಗೆ ಸೆಳೆತದ ಬಲದಿಂದಲೇ ತೇಲುತ್ತವೆ.

ಎರಡನೆಯದು ಜಪಾನಿನ ಅತಿವಾಹಕ ಮ್ಯಾಗ್ಲೆವ್. ದ್ರವ ಹೀಲಿಯಂನಿಂದ ಮೈನಸ್ 269 ಡಿಗ್ರಿ ಸೆಲ್ಸಿಯಸ್‌ಗೆ ತಂಪುಗೊಳಿಸಿದ ಅತಿವಾಹಕ ಸುರುಳಿಗಳು ಇದರಲ್ಲಿವೆ. ರೈಲು ಸುಮಾರು 10 ಸೆಂ.ಮೀ. ಮೇಲೆ ತೇಲುತ್ತದೆ. ಯಮನಾಶಿ ಪರೀಕ್ಷಾ ಮಾರ್ಗದಲ್ಲಿ 2015ರ ಏಪ್ರಿಲ್ 21ರಂದು ಇದು ಗಂಟೆಗೆ 603 ಕಿ.ಮೀ. ವೇಗ ಮುಟ್ಟಿತು. ಇಲ್ಲಿ ಅಂತರ ದೊಡ್ಡದಾಗಿರುವುದರಿಂದ ಬಹಳ ಬಲವಾದ ಕ್ಷೇತ್ರ ಬೇಕು. ಸುರುಳಿಯ ಬಳಿ ಅದು ಒಂದು ಟೆಸ್ಲಾವನ್ನೂ ಮೀರುತ್ತದೆ. ಆದುದರಿಂದಲೇ ಈ ರೈಲಿನಲ್ಲಿ ಅಯಸ್ಕಾಂತಗಳನ್ನು ಆಸನಗಳ ಕೆಳಗೆ ಇಡದೆ, ಡಬ್ಬಿಗಳು ಕೂಡುವ ಸ್ಥಳದ ಬೋಗಿಗಳಲ್ಲಿ ಅಳವಡಿಸಿ, ಪ್ರಯಾಣಿಕರ ಭಾಗಕ್ಕೆ ಕಾಂತೀಯ ರಕ್ಷಾಕವಚ ಒದಗಿಸಲಾಗಿದೆ. ಕವಚವಿಲ್ಲದಿದ್ದರೆ ಆಗಬಹುದಾದ ತೊಂದರೆಯನ್ನು ವಿನ್ಯಾಸಕಾರರೇ ಒಪ್ಪಿಕೊಂಡು ಪರಿಹರಿಸಿದ್ದಾರೆ ಎಂಬುದು ಇದರ ಅರ್ಥ.

ಭಾರತದಲ್ಲಿ ವಾಣಿಜ್ಯ ಸಂಚಾರದ ಮ್ಯಾಗ್ಲೆವ್ ಮಾರ್ಗ ಇಲ್ಲ. ಸಾರ್ವಜನಿಕ ವಲಯದ ಬಿಎಚ್‌ಇಎಲ್ 2020ರಲ್ಲಿ ಸ್ವಿಟ್ಜರ್ಲೆಂಡಿನ ಸ್ವಿಸ್‌ರ್ಯಾಪಿಡ್ ಸಂಸ್ಥೆಯೊಡನೆ ಒಡಂಬಡಿಕೆ ಮಾಡಿಕೊಂಡದ್ದು ಈ ದಿಕ್ಕಿನ ಒಂದು ಹೆಜ್ಜೆ. ಮುಂಬಯಿ–ಅಹಮದಾಬಾದ್ ‘ಬುಲೆಟ್ ರೈಲು’ ಮ್ಯಾಗ್ಲೆವ್ ಅಲ್ಲ. ಅದು ಹಳಿಯ ಮೇಲೆ ಚಕ್ರದಿಂದ ಓಡುವ ವಿದ್ಯುತ್ ರೈಲು.

ಸುರಕ್ಷಿತ ಮಿತಿ ಎಂದರೇನು?

ಅಯಾನೀಕರಿಸದ ವಿಕಿರಣಗಳಿಂದ ರಕ್ಷಣೆ ಕುರಿತ ಅಂತರರಾಷ್ಟ್ರೀಯ ಆಯೋಗವು ನೀಡಿರುವ ಮಿತಿಗಳನ್ನು ಅನೇಕ ದೇಶಗಳು ಆಧಾರವಾಗಿ ಇರಿಸಿಕೊಂಡಿವೆ. 50 ಹರ್ಟ್ಸ್ ಕಾಂತಕ್ಷೇತ್ರಕ್ಕೆ ಸಾರ್ವಜನಿಕರ ಮಟ್ಟಿಗೆ 1998ರಲ್ಲಿ 100 ಮೈಕ್ರೋಟೆಸ್ಲಾ ಎಂದಿದ್ದ ಮಿತಿ 2010ರ ಪರಿಷ್ಕರಣೆಯಲ್ಲಿ 200 ಆಯಿತು. ವೃತ್ತಿನಿರತರಿಗೆ ಅದು 500ರಿಂದ 1,000 ಮೈಕ್ರೋಟೆಸ್ಲಾಗೆ ಏರಿತು. ಸ್ಥಿರ ಕ್ಷೇತ್ರಕ್ಕೆ 2009ರ ಮಾರ್ಗಸೂಚಿಯಂತೆ ಸಾರ್ವಜನಿಕರಿಗೆ 400 ಮಿಲಿಟೆಸ್ಲಾ, ವೃತ್ತಿನಿರತರಿಗೆ ತಲೆ ಮತ್ತು ಮುಂಡದ ಭಾಗದಲ್ಲಿ 2 ಟೆಸ್ಲಾ ಮಿತಿಯಿದೆ.

ಈ ಮಿತಿಗಳ ಹಿಂದಿರುವುದು ಸ್ಥಾಪಿತವಾದ, ತಕ್ಷಣದ ಪರಿಣಾಮಗಳು. ಬದಲಾಗುವ ಬಲವಾದ ಕ್ಷೇತ್ರವು ದೇಹದೊಳಗೆ ಕರೆಂಟನ್ನು ಹುಟ್ಟಿಸಿ ನರ, ಸ್ನಾಯುಗಳನ್ನು ಕೆರಳಿಸಬಲ್ಲದು. 20 ಹರ್ಟ್ಸ್‌ನ ಸುಮಾರು 5 ಮಿಲಿಟೆಸ್ಲಾ ಕ್ಷೇತ್ರದಲ್ಲಿ ಕಣ್ಣಿನಂಚಿನಲ್ಲಿ ಬೆಳಕಿನ ಮಿಣುಕು ಕಂಡಂತಾಗುತ್ತದೆ. 2 ಟೆಸ್ಲಾ ಮೀರಿದ ಸ್ಥಿರ ಕ್ಷೇತ್ರದಲ್ಲಿ ತಲೆಯನ್ನು ಅಲುಗಾಡಿಸಿದರೆ ತಲೆ ಸುತ್ತು, ಬಾಯಲ್ಲಿ ಲೋಹದ ರುಚಿ ಉಂಟಾಗಬಹುದು. ರೈಲಿನ ಪ್ರಯಾಣಿಕರು, ಹಳಿಬದಿಯ ನಿವಾಸಿಗಳು ಎದುರಿಸುವ ಕ್ಷೇತ್ರಗಳು ಸಾಮಾನ್ಯವಾಗಿ ಇವೆಲ್ಲಕ್ಕಿಂತ ಬಹಳ ಕೆಳಗಿನವು.

ಕ್ಯಾನ್ಸರ್ ಪ್ರಶ್ನೆ

ಹಾಗಿದ್ದರೆ ಆತಂಕ ಎಲ್ಲಿಂದ ಬಂದಿತು? ಅಮೆರಿಕದ ಡೆನ್ವರ್ ನಗರದಲ್ಲಿ ನ್ಯಾನ್ಸಿ ವರ್ತೈಮರ್ ಮತ್ತು ಎಡ್ ಲೀಪರ್ 1979ರಲ್ಲಿ ಪ್ರಕಟಿಸಿದ ಅಧ್ಯಯನವು ವಿದ್ಯುತ್ ತಂತಿಗಳ ಸಮೀಪದ ಮನೆಗಳಿಗೂ ಮಕ್ಕಳ ಕ್ಯಾನ್ಸರಿಗೂ ಸಂಬಂಧವಿರುವಂತೆ ತೋರಿಸಿತು. ಅನಂತರ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2000ದಲ್ಲಿ ನಡೆಸಿದ ವಿಶ್ಲೇಷಣೆಗಳಲ್ಲಿ, ಮನೆಯಲ್ಲಿ ಸರಾಸರಿ 0.3ರಿಂದ 0.4 ಮೈಕ್ರೋಟೆಸ್ಲಾ ಮೀರಿದ ಕ್ಷೇತ್ರವಿರುವ ಮಕ್ಕಳಲ್ಲಿ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಹೆಚ್ಚಾಗಿ ಕಂಡುಬಂದಿತು. ಇದರ ಆಧಾರದ ಮೇಲೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2002ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇಂಥ ಕಾಂತಕ್ಷೇತ್ರಗಳನ್ನು ‘ಪ್ರಾಯಶಃ ಕ್ಯಾನ್ಸರ್‌ಕಾರಕವಾಗಿರಬಹುದು’ ಎಂಬ ‘2ಬಿ’ ವರ್ಗಕ್ಕೆ ಸೇರಿಸಿತು. ಸ್ಥಿರ ಕ್ಷೇತ್ರಗಳ ವಿಷಯದಲ್ಲಿ ಯಾವ ನಿರ್ಣಯಕ್ಕೂ ಸಾಕಷ್ಟು ಆಧಾರವಿಲ್ಲ ಎಂದಿತು.

‘2ಬಿ’ ಎಂದೊಡನೆ ಗಾಬರಿಪಡುವ ಅಗತ್ಯವಿಲ್ಲ. ಸಾಕ್ಷ್ಯ ಸೀಮಿತವಾಗಿದೆ, ಆದರೆ ತಳ್ಳಿಹಾಕುವಂತಿಲ್ಲ ಎಂಬುದಷ್ಟೇ ಅದರ ತಾತ್ಪರ್ಯ. ಲೋಳೆಸರದ ಇಡೀ ಎಲೆಯ ಸಾರವೂ ಅದೇ ವರ್ಗದಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಇಡೀ ಸಾಕ್ಷ್ಯವನ್ನು ಪರಿಶೀಲಿಸಿ, ಕ್ಷೇತ್ರವೇ ರೋಗಕ್ಕೆ ಕಾರಣ ಎನ್ನುವಷ್ಟು ಬಲ ಅದಕ್ಕಿಲ್ಲ ಎಂದಿತು. ಒಂದು ವೇಳೆ ಕಾರಣವೇ ಆಗಿದ್ದರೂ, 2000ದ ಅಂಕಿಅಂಶದಂತೆ ಜಗತ್ತಿನಾದ್ಯಂತ ವರ್ಷಕ್ಕೆ 100ರಿಂದ 2,400 ಮಕ್ಕಳ ಪ್ರಕರಣಗಳಿಗೆ, ಅಂದರೆ ಒಟ್ಟು ಪ್ರಕರಣಗಳ ಶೇಕಡ 0.2ರಿಂದ 4.95ಕ್ಕೆ ಮಾತ್ರ ಅದು ಹೊಣೆಯಾಗಬಹುದು ಎಂದು ಅಂದಾಜಿಸಿತು. 2022ರಲ್ಲಿ ಪ್ರಕಟವಾದ, ಈಚಿನ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ಹಳೆಯ ಸಂಬಂಧ ಕಾಣಿಸಲಿಲ್ಲ.

ರೈಲಿನ ಪ್ರಶ್ನೆಗೆ ಹೆಚ್ಚು ಹತ್ತಿರವಾದದ್ದು ರೈಲ್ವೆ ನೌಕರರ ಅಧ್ಯಯನ. ಎಂಜಿನ್ ಚಾಲಕರು ಪ್ರಯಾಣಿಕರಿಗಿಂತ ಎಷ್ಟೋ ಹೆಚ್ಚು ಕಾಲ, ಹೆಚ್ಚು ಬಲವಾದ ಕ್ಷೇತ್ರದಲ್ಲಿರುತ್ತಾರೆ. ಹಾನಿ ಇರುವುದೇ ನಿಜವಾದರೆ ಅದು ಮೊದಲು ಕಾಣಿಸಬೇಕಾದದ್ದು ಅವರಲ್ಲಿ. ಸ್ವಿಟ್ಜರ್ಲೆಂಡಿನ ರೈಲುಗಳು 16.7 ಹರ್ಟ್ಸ್‌ನ ವಿದ್ಯುತ್ತಿನಿಂದ ಓಡುತ್ತವೆ. ಅಲ್ಲಿನ ಸುಮಾರು 20,000 ರೈಲ್ವೆ ನೌಕರರ 1972ರಿಂದ 2002ರವರೆಗಿನ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಚಾಲಕರು ಕೆಲಸದ ವೇಳೆ ಸರಾಸರಿ ಸುಮಾರು 21 ಮೈಕ್ರೋಟೆಸ್ಲಾ ಕ್ಷೇತ್ರದಲ್ಲಿದ್ದರೆ, ಸ್ಟೇಷನ್ ಮಾಸ್ತರರು ಸುಮಾರು 1 ಮೈಕ್ರೋಟೆಸ್ಲಾದಲ್ಲಿದ್ದರು. ಒಟ್ಟಾರೆ ಲ್ಯುಕೇಮಿಯಾ ಸಾವುಗಳಲ್ಲಿ ಚಾಲಕರಿಗೂ ಮಾಸ್ತರರಿಗೂ ಖಚಿತವೆನ್ನಬಹುದಾದ ವ್ಯತ್ಯಾಸ ಕಂಡುಬರಲಿಲ್ಲ. ಮೈಲಾಯ್ಡ್ ಎಂಬ ಒಂದು ಬಗೆಯ ಲ್ಯುಕೇಮಿಯಾದಲ್ಲಿ ಮಾತ್ರ ಏರಿಕೆ ಕಂಡಿತು. ಆದರೆ ಪ್ರಕರಣಗಳು ಬೆರಳೆಣಿಕೆಯಷ್ಟಿದ್ದುದರಿಂದ ಅಂದಾಜಿನ ವ್ಯಾಪ್ತಿ ಸುಮಾರು 1 ಪಟ್ಟಿನಿಂದ 21 ಪಟ್ಟಿನವರೆಗೆ ಹರಡಿತ್ತು. ಅಷ್ಟು ಅಗಲವಾದ ವ್ಯಾಪ್ತಿಯಿಂದ ತೀರ್ಮಾನಕ್ಕೆ ಬರುವುದು ಕಷ್ಟ. ಅದೇ ನೌಕರರಲ್ಲಿ ಮರೆವಿನ ಕಾಯಿಲೆಯ ಕುರಿತೂ ಸಂದೇಹ ಮೂಡಿಸುವ, ಆದರೆ ನಿರ್ಣಾಯಕವಲ್ಲದ ಸೂಚನೆಗಳು ದೊರೆತವು. ಇದಕ್ಕೆ ಮುಂಚೆ 1994ರಲ್ಲಿ ಪ್ರಕಟವಾದ ನಾರ್ವೆಯ ರೈಲ್ವೆ ನೌಕರರ ಅಧ್ಯಯನದಲ್ಲಿ ಲ್ಯುಕೇಮಿಯಾ ಅಥವಾ ಮೆದುಳಿನ ಗೆಡ್ಡೆಗೂ ಕ್ಷೇತ್ರಕ್ಕೂ ಸಂಬಂಧ ಕಾಣಿಸಿರಲಿಲ್ಲ.

ಒಟ್ಟಿನಲ್ಲಿ, ದಿನಕ್ಕೆ ಒಂದೆರಡು ಗಂಟೆ ರೈಲಿನಲ್ಲಿ ಓಡಾಡುವವರಿಗೆ ಅಥವಾ ಹಳಿಯ ಸಮೀಪ ವ್ಯಾಪಾರ ನಡೆಸುವವರಿಗೆ ಹಾನಿಯಾಗುತ್ತದೆ ಎಂಬುದು ಸ್ಥಾಪಿತವಾಗಿಲ್ಲ. ದಶಕಗಳ ಕಾಲ ಚಾಲಕರಾಗಿ ದುಡಿಯುವವರ ವಿಷಯದಲ್ಲಿ ಪ್ರಶ್ನೆ ಸಂಪೂರ್ಣವಾಗಿ ಮುಗಿದಿಲ್ಲ.

ಪೇಸ್‌ಮೇಕರ್ ಉಳ್ಳವರು

ನಿಶ್ಚಿತವಾಗಿ ಎಚ್ಚರ ಬೇಕಾದ ಒಂದು ವರ್ಗವಿದೆ. ಹೃದಯದ ಪೇಸ್‌ಮೇಕರ್ ಮುಂತಾದ ಸಾಧನಗಳನ್ನು ದೇಹದೊಳಗೆ ಅಳವಡಿಸಿಕೊಂಡವರೇ ಅವರು. ಬಲವಾದ ಸ್ಥಿರ ಕಾಂತಕ್ಷೇತ್ರ ಪೇಸ್‌ಮೇಕರಿನ ಕಾರ್ಯವಿಧಾನವನ್ನು ಬದಲಿಸಬಲ್ಲದು. ಇದಕ್ಕೆ 0.5 ಮಿಲಿಟೆಸ್ಲಾ ಎಂಬ ಎಚ್ಚರಿಕೆಯ ಮಟ್ಟ ದೀರ್ಘಕಾಲದಿಂದ ಬಳಕೆಯಲ್ಲಿದೆ. ಸಾಮಾನ್ಯ ಸಾರ್ವಜನಿಕರ ಮಿತಿಯ ಎಂಟುನೂರನೇ ಒಂದು ಭಾಗವಿದು. ಆಸ್ಪತ್ರೆಗಳ ಎಂಆರ್‌ಐ ಕೋಣೆಯ ಹೊರಗಿನ ಎಚ್ಚರಿಕೆಯ ಫಲಕ ಇದನ್ನು ನೆನಪಿಸುವಂಥದು. ಸಾಮಾನ್ಯ ವಿದ್ಯುತ್ ರೈಲು, ಮೆಟ್ರೊಗಳ ಆಸನಗಳಲ್ಲಿ ಕುಳಿತವರು ಈ ಮಟ್ಟದ ಸ್ಥಿರ ಕ್ಷೇತ್ರವನ್ನು ಎದುರಿಸುವುದಿಲ್ಲ. ಆದರೂ ತಮ್ಮ ಸಾಧನದ ಬಗೆಯನ್ನು ತಿಳಿದಿರುವ ವೈದ್ಯರ ಸಲಹೆ ಪಡೆದಿರುವುದು ಕ್ಷೇಮ.

ಕಾರ್ಖಾನೆಯೊಳಗಿನ ಕ್ಷೇತ್ರ ಹೆಚ್ಚು

ಸಣ್ಣ ಉದ್ಯಮಿಗಳು ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ, ಹೊರಗಿನ ರೈಲಿಗಿಂತ ಒಳಗಿನ ಯಂತ್ರವೇ ಅನೇಕ ಪಟ್ಟು ಬಲವಾದ ಕ್ಷೇತ್ರವನ್ನು ಉಂಟುಮಾಡುತ್ತದೆ. 200 ಆಂಪಿಯರ್ ಹರಿಯುವ ವೆಲ್ಡಿಂಗ್ ಕೇಬಲ್ಲಿನಿಂದ 5 ಸೆಂ.ಮೀ. ದೂರದಲ್ಲಿ ಕ್ಷೇತ್ರ 800 ಮೈಕ್ರೋಟೆಸ್ಲಾದಷ್ಟಾಗುತ್ತದೆ. ಹಳಿಯಿಂದ 20 ಮೀಟರ್ ದೂರದ ಅಂದಾಜಿಗೆ ಹೋಲಿಸಿದರೆ ಇದು ಸಾವಿರ ಪಟ್ಟಿಗೂ ಮಿಗಿಲು. ಇಂಡಕ್ಷನ್ ಕುಲುಮೆ, ಸ್ಪಾಟ್ ವೆಲ್ಡಿಂಗ್ ಯಂತ್ರ, ಬಿಡಿಭಾಗಗಳ ಕಾಂತತ್ವ ತೆಗೆಯುವ ಉಪಕರಣ ಇವುಗಳ ಬಳಿಯೂ ಕ್ಷೇತ್ರ ಬಲವಾಗಿಯೇ ಇರುತ್ತದೆ.

ಇದನ್ನು ತಗ್ಗಿಸಲು ಹಣ ಖರ್ಚಾಗುವುದಿಲ್ಲ. ವೆಲ್ಡಿಂಗ್ ಕೇಬಲನ್ನು ಹೆಗಲ ಮೇಲೆ ಅಥವಾ ಸೊಂಟಕ್ಕೆ ಸುತ್ತಿಕೊಳ್ಳಬಾರದು. ಹೋಗುವ ಮತ್ತು ಮರಳುವ ಕೇಬಲುಗಳನ್ನು ಜೊತೆಜೊತೆಯಾಗಿ ಒಂದೇ ಬದಿಯಲ್ಲಿ ಹಾಯಿಸಬೇಕು. ಅರ್ತ್ ಕ್ಲಾಂಪನ್ನು ಬೆಸುಗೆಯ ಸ್ಥಳದ ಸಮೀಪವೇ ಕಚ್ಚಿಸಬೇಕು. ವೆಲ್ಡಿಂಗ್ ಟ್ರಾನ್ಸ್‌ಫಾರ್ಮರಿಗೆ ಒರಗಿ ಕೆಲಸ ಮಾಡಬಾರದು. ಪೇಸ್‌ಮೇಕರ್ ಉಳ್ಳ ಕೆಲಸಗಾರರನ್ನು ವೈದ್ಯರ ಅಭಿಪ್ರಾಯವಿಲ್ಲದೆ ಇಂಥ ಯಂತ್ರಗಳ ಬಳಿ ನಿಯೋಜಿಸಬಾರದು.

ನಿಜವಾದ ಅಪಾಯ: 25,000 ವೋಲ್ಟಿನ ತಂತಿ

ಕಾಣದ ಕ್ಷೇತ್ರದ ಚರ್ಚೆಯಲ್ಲಿ ಕಾಣುವ ತಂತಿಯನ್ನು ಮರೆಯುವ ಸಂಭವವಿದೆ. 25,000 ವೋಲ್ಟಿನ ತಂತಿಯನ್ನು ಮುಟ್ಟದಿದ್ದರೂ, ತೀರ ಸಮೀಪ ಹೋದರೆ ಸಾಕು, ವಿದ್ಯುತ್ತು ಗಾಳಿಯಲ್ಲಿ ಹಾರಿ ಪ್ರಾಣ ತೆಗೆಯಬಲ್ಲದು. ಚಾಲ್ತಿಯಲ್ಲಿರುವ ತಂತಿಯಿಂದ 2 ಮೀಟರ್ ಒಳಗೆ ಅನುಮತಿಪತ್ರವಿಲ್ಲದೆ ಯಾರೂ ಕೆಲಸ ಮಾಡಬಾರದೆಂಬುದು ರೈಲ್ವೆಯ ನಿಯಮ. ವಿದ್ಯುದೀಕೃತ ಮಾರ್ಗದ ಲೆವೆಲ್ ಕ್ರಾಸಿಂಗ್‌ಗಳಲ್ಲಿ 4.67 ಮೀಟರ್ ಎತ್ತರದ ಅಡ್ಡಪಟ್ಟಿ ಅಳವಡಿಸಿರುವುದು ಲಾರಿಯ ಸರಕು ತಂತಿಯ ಸಮೀಪಕ್ಕೆ ಹೋಗದಿರಲೆಂದೇ. ಹೇರಿನ ಎತ್ತರವನ್ನು ಗೋದಾಮಿನಿಂದ ಹೊರಡುವಾಗಲೇ ಅಳೆಯುವುದು ಸಾಗಣೆದಾರರ ಹೊಣೆ.

ಗೂಡ್ಸ್ ಶೆಡ್ಡಿನಲ್ಲಿ ವ್ಯಾಗನ್ ಮೇಲೆ ಹತ್ತುವುದು, ಹಳಿಯ ಬಳಿ ಕಬ್ಬಿಣದ ಸರಳು, ಪೈಪು, ಏಣಿಗಳನ್ನು ನೆಟ್ಟಗೆ ಎತ್ತಿ ಹಿಡಿಯುವುದು ಮಾರಕವಾದೀತು. ಸುರತ್ಕಲ್‌ನಿಂದ ಕೊಂಕಣ ರೈಲ್ವೆಯ ರೋ-ರೋ ಸೇವೆಯಲ್ಲಿ ಲಾರಿಗಳನ್ನು ರೈಲಿನ ಮೇಲೇರಿಸಿ ಕಳುಹಿಸುವವರು ತಮ್ಮ ಚಾಲಕರಿಗೂ ಕ್ಲೀನರುಗಳಿಗೂ ಟಾರ್ಪಾಲು ಸರಿಪಡಿಸುವ ನೆಪದಲ್ಲಿಯೂ ಲಾರಿಯ ಮೇಲೆ ಹತ್ತಬಾರದೆಂದು ಕಟ್ಟುನಿಟ್ಟಾಗಿ ತಿಳಿಸಬೇಕು. ಹಳಿಗೆ ಸಮಾನಾಂತರವಾಗಿ ಉದ್ದಕ್ಕೆ ಹಾಕಿದ ತಂತಿಬೇಲಿ, ತಗಡಿನ ಶೆಡ್, ಲೋಹದ ಕೊಳವೆಗಳಲ್ಲಿ ಪ್ರೇರಿತ ವೋಲ್ಟೇಜು ಉಂಟಾಗುವುದರಿಂದ ಅವುಗಳಿಗೆ ಸರಿಯಾದ ಅರ್ತಿಂಗ್ ಇರಲೇಬೇಕು.

ಜಾಗ ಕೊಳ್ಳುವ ಮುನ್ನ

ಹಳಿಯ ಸಮೀಪ ಮಳಿಗೆ ಅಥವಾ ಶೆಡ್ ಕೊಳ್ಳುವವರು, ಬಾಡಿಗೆಗೆ ಪಡೆಯುವವರು ಕೆಲವು ಸಂಗತಿಗಳನ್ನು ಪರಿಶೀಲಿಸಬಹುದು. ಸಂದೇಹವಿದ್ದಲ್ಲಿ ಕಾಂತಕ್ಷೇತ್ರವನ್ನು ಅಳೆಸಬಹುದು. ರೈಲು ಹಾದುಹೋಗುವಾಗಿನ ಗರಿಷ್ಠ ಅಂಕಿಯನ್ನಷ್ಟೇ ನೋಡದೆ ಇಡೀ ದಿನದ ಸರಾಸರಿಯನ್ನೂ ಪಡೆಯಬೇಕು. ಆವರ್ತನವನ್ನು ವರದಿಯಲ್ಲಿ ಬರೆಸಬೇಕು. ರೈಲು ಇಲ್ಲದ ಹೊತ್ತಿನಲ್ಲಿಯೂ ಅಂಕಿ ಹೆಚ್ಚಾಗಿದ್ದರೆ ಕಾರಣ ಕಟ್ಟಡದ ವೈರಿಂಗ್, ವಿದ್ಯುತ್ ಪ್ಯಾನೆಲ್ ಅಥವಾ ಪಕ್ಕದ ಟ್ರಾನ್ಸ್‌ಫಾರ್ಮರ್ ಇರಬಹುದು. ಮಕ್ಕಳಿರುವ ಮನೆ ವರ್ಕ್‌ಶಾಪಿಗೆ ಹೊಂದಿಕೊಂಡಿದ್ದರೆ, ಅವರು ಮಲಗುವ ಕೋಣೆಯನ್ನು ಪ್ಯಾನೆಲ್ ಬೋರ್ಡಿನ ಗೋಡೆಯಿಂದ ದೂರವಿಡುವುದು ವೆಚ್ಚವಿಲ್ಲದ ಮುನ್ನೆಚ್ಚರಿಕೆ. ಕಡಿಮೆ ಖರ್ಚಿನ ಇಂಥ ಕ್ರಮಗಳನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪುತ್ತದೆ.

ಸೂಕ್ಷ್ಮ ಅಳತೆಯ ಉಪಕರಣಗಳುಳ್ಳ ಘಟಕಗಳ ವಿಷಯ ಬೇರೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಂಥ ಉಪಕರಣಗಳು ಮನುಷ್ಯರಿಗೆ ಏನೂ ಮಾಡದ ಮೈಕ್ರೋಟೆಸ್ಲಾಕ್ಕಿಂತ ಕಡಿಮೆ ಏರಿಳಿತಕ್ಕೂ ತಪ್ಪು ಫಲಿತಾಂಶ ನೀಡಬಲ್ಲವು. ಮೆಟ್ರೊ ಮಾರ್ಗದ ಸಮೀಪ ಪರೀಕ್ಷಾ ಪ್ರಯೋಗಾಲಯ ತೆರೆಯುವವರು ಉಪಕರಣ ತಯಾರಕರು ಹೇಳುವ ಮಿತಿಯನ್ನು ಮೊದಲೇ ಕೇಳಿ, ಅಳತೆಯ ವರದಿಯೊಡನೆ ಹೋಲಿಸಿ ನೋಡಬೇಕು.

ಶಾಂಘೈ ನಿವಾಸಿಗಳ ಎರಡು ಆತಂಕಗಳಲ್ಲಿ ಆರೋಗ್ಯದ ಆತಂಕಕ್ಕೆ ವಿಜ್ಞಾನದ ಬೆಂಬಲ ದುರ್ಬಲವಾಗಿದೆ. ಆಸ್ತಿಯ ಬೆಲೆಯ ಆತಂಕ ಮಾತ್ರ ಜನರ ನಂಬಿಕೆಯನ್ನು ಅವಲಂಬಿಸಿರುವಂಥದು. ಭಯ ಸುಳ್ಳಾದರೂ ನಷ್ಟ ನಿಜವಾಗಬಹುದು. ಆದುದರಿಂದ ಹಳಿಬದಿಯ ಆಸ್ತಿಯನ್ನು ಕೊಳ್ಳುವವರಿಗೂ ಮಾರುವವರಿಗೂ ವದಂತಿಗಿಂತ ಅಳತೆಯ ವರದಿ ಹೆಚ್ಚು ಪ್ರಯೋಜನಕಾರಿ. ರೈಲಿನ ಕಾಂತಕ್ಷೇತ್ರಕ್ಕೆ ಹೆದರಿ ಒಳ್ಳೆಯ ಜಾಗವನ್ನು ಕೈಬಿಡುವ ಕಾರಣವಿಲ್ಲ. ತಮ್ಮ ಶೆಡ್ಡಿನೊಳಗಿನ ವೆಲ್ಡಿಂಗ್ ಕೇಬಲನ್ನೂ ಹಳಿಯ ಮೇಲಿನ ತಂತಿಯನ್ನೂ ಅಲಕ್ಷಿಸುವಂತಿಲ್ಲ.